ಕೂತು ಬಂದವರಿಗೂ ಒಂದು ಬಟ್ಟಲು ಗಂಜಿ

ನಮ್ಮ ಮಂಗ್ಳೂರು ಕಡೆ ಒಂದು ಮನೆಯಲ್ಲಿ ಸಾವಾದ್ರೆ ಆ ದಿನ ಆ ಮನೆಯ ಒಲೆ ಉರಿಯುದಿಲ್ಲ, ನಿಮಗೆಲ್ಲ ಗೊತ್ತೇ ಉಂಟು. ಆಚೆಮನೆಯಿಂದ ಗಂಜಿ ಬರ್ತದೆ, ಈಚೆಮನೆಯಿಂದ ಚಟ್ನಿ ಬರ್ತದೆ, ಚಾದ ಕೆಟ್ಲು ಯಾರೋ ತಂದಿಟ್ಟು ಹೋಗ್ತಾರೆ. ಯಾರ ಮನೆಯೇ ಆಗ್ಲಿ, ಈ ಒಂದು ವಿಷಯ ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡ್ಬೇಕಾದ್ದಿಲ್ಲ. ಆದ್ರೆ ಆ ಮನೆಯಲ್ಲಿ ರಾತ್ರಿಯಿಡೀ ಕೂತು, ಅಳುವವರ ಬೆನ್ನು ಸವರಿ, ಹೆಣ ತೊಳೆಯುವಲ್ಲಿ ಕೈ ಕೊಟ್ಟು, ಬೆಳಿಗ್ಗೆ ತನ್ನ ಮನೆಗೆ ವಾಪಸ್ ಹೋಗುವವರು ಒಬ್ಬರು ಇರ್ತಾರಲ್ಲ, ಅವರ ಮನೆಗೆ ಗಂಜಿ ಯಾರು ಕೊಂಡೋಗುದು? ಇವತ್ತು ಅದನ್ನೇ ಬರೀಬೇಕು ಅಂತ ಕೂತಿದ್ದೇನೆ.

ನಮ್ಮದು ಸಭಾಪಾಲಕರ ಮನೆ. ಮದುವೆಯಾಗಿ ಬಂದ ಒಂದು ವಾರದಲ್ಲೇ ನನಗೆ ಗೊತ್ತಾಗಿತ್ತು, ಈ ಮನೆಯ ಫೋನಿಗೆ ಹಗಲು ರಾತ್ರಿ ಅಂತ ಇಲ್ಲ. ಯಾರಿಗೋ ಎದೆನೋವು, ಯಾರದ್ದೋ ಮಗ ಬೈಕಿನಿಂದ ಬಿದ್ದದ್ದು, ಯಾರೋ ಬಾವಿಗೆ ಹಾರಿದ್ದು. ಇವರು ಅಂಗಿ ಹಾಕಿಕೊಂಡು ಹೊರಟ್ರೆ ಹಿಂದೆಯೇ ನಾನೂ ಸೆರಗು ಸುತ್ತಿಕೊಂಡು ಹೊರಡುದು. ಗಂಡಸರು ಜಗಲಿಯಲ್ಲಿ, ನಾನು ಒಳಗೆ ಹೆಂಗಸರ ಹತ್ರ. ಸಂಬಳ ಅವರಿಗೆ ಮಾತ್ರ, ಕೆಲಸ ಇಬ್ಬರಿಗೂ. ಸಭಾಪಾಲಕರ ಹೆಂಡತಿಯರು ಓದ್ತಾ ಇದ್ರೆ ಇಲ್ಲಿ ಸ್ವಲ್ಪ ನಗ್ತೀರಿ ಅಂತ ಗೊತ್ತುಂಟು.

ಊರಿನ ಒಂದೊಂದು ಸಾವು ಬೇರೆ, ಒಟ್ಟಿಗೆ ಬರುವ ಸಾವು ಬೇರೆ. 2010ರ ಮೇ 22, ಶನಿವಾರ ಬೆಳಿಗ್ಗೆ ದುಬಾಯಿಯಿಂದ ಬಂದ ವಿಮಾನ ನಮ್ಮ ಬಜಪೆಯಲ್ಲಿ ರನ್‌ವೇ ದಾಟಿ ಕೆಳಗೆ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ 158 ಮಂದಿ ಹೋದ್ರು, 8 ಮಂದಿ ಉಳಿದ್ರು. ಇವರು ಸುದ್ದಿ ಕೇಳಿದವರೇ ವೆನ್ಲಾಕ್ ಆಸ್ಪತ್ರೆಗೆ ಹೋದ್ರು. ಅಲ್ಲಿ ಶವಾಗಾರದ ಹೊರಗೆ ಮನೆಯವರು ಕಾಯ್ತಾ ಇದ್ರು. ಪ್ರಸಂಗ ಮಾಡ್ಲಿಕ್ಕೆ ಅಲ್ಲಿ ಎಂತದೂ ಇರ್ಲಿಲ್ಲ. ನೀರು ತಂದು ಕೊಡುದು, ಒಬ್ಬರನ್ನು ಕುರ್ಚಿಯಲ್ಲಿ ಕೂರಿಸುದು, ಕೈಗಡಿಯಾರ ಉಂಗುರ ನೋಡಿ ಗುರುತು ಹಿಡೀಲಿಕ್ಕೆ ಒಳಗೆ ಹೋಗುವವರ ಜೊತೆ ಹೋಗುದು, ಹೊರಗೆ ಬರುವಾಗ ಅವರ ತೋಳು ಹಿಡ್ಕೊಳ್ಳುದು. ಒಬ್ಬರು ಬ್ಯಾರಿ ಅಜ್ಜ ಇವರ ಕೈ ಹಿಡಿದವರು ಎರಡು ಗಂಟೆ ಬಿಡ್ಲೇ ಇಲ್ಲವಂತೆ. ಮಾತೂ ಆಡ್ಲಿಲ್ಲವಂತೆ.

ಮರುದಿನ ಆದಿತ್ಯವಾರ, ಪಂಚಾಶತ್ತಮ ಹಬ್ಬ. ಇವರು ಮಧ್ಯರಾತ್ರಿ ಮನೆಗೆ ಬಂದವರು ಬೆಳಿಗ್ಗೆ ಆರಾಧನೆಗೆ ನಿಂತ್ರು. ಪವಿತ್ರಾತ್ಮನು ಬೆಂಕಿಯ ನಾಲಿಗೆಗಳ ಹಾಗೆ ಇಳಿದು ಬಂದ ಪಾಠವನ್ನು ಓದ್ಬೇಕಲ್ಲ ಆ ದಿನ. ಬೆಂಕಿ ಅನ್ನುವ ಶಬ್ದ ಬಂದಲ್ಲಿ ಇವರ ಸ್ವರ ನಿಂತುಹೋಯ್ತು. ಸಭೆಯವರು ಗಂಟಲು ಕಟ್ಟಿತು ಅಂತ ತಿಳ್ಕೊಂಡ್ರು. ನಾನು ಹೆಂಗಸರ ಬೆಂಚಿನಲ್ಲಿ ಕೂತು ನೋಡ್ತಾ ಇದ್ದೆ. ಪುಸ್ತಕದ ಅಂಚು ಹಿಡಿದ ಇವರ ಬೆರಳು ಬೆಳ್ಳಗೆ ಆಗಿತ್ತು.

ಅದಾದ ಮೇಲೆ ಗುರುತು ಸಿಗದ ಶರೀರಗಳಿಗೆ ಡಿಎನ್‌ಎ ಪರೀಕ್ಷೆ ಅಂತ ದಿನಗಳು ಹೋದವು. ಇವರು ದಿನಾ ಹೋದ್ರು. ಮನೆಗೆ ಬಂದ್ರೆ ಊಟ ಮುಂದೆ ಇಟ್ರೆ ಮುಟ್ಟುದಿಲ್ಲ. ಪಕ್ಕದ ಮನೆಯಲ್ಲಿ ಒಣಮೀನು ಸುಟ್ಟ ವಾಸನೆ ಬಂದ್ರೆ ಎದ್ದು ಹಿತ್ತಿಲಿಗೆ ಹೋಗುದು. ರಾತ್ರಿ ಎರಡು ಗಂಟೆಗೆ ಅಂಗಳದಲ್ಲಿ ನಡೀತಾ ಇರುದು. ಮಕ್ಕಳು ಪಾತ್ರೆ ಬೀಳಿಸಿದ್ರೆ ಹಾರಿ ಬೀಳುದು, ಮತ್ತೆ ಅವರ ಮೇಲೆ ರೇಗುದು. ಹಾಡು ಗುಣುಗದೆ ಶೇವ್ ಮಾಡಿಕೊಂಡವರೇ ಅಲ್ಲ ಇವರು. ಆ ಒಂದು ತಿಂಗಳು ಬಚ್ಚಲಿನಿಂದ ನೀರಿನ ಶಬ್ದ ಮಾತ್ರ. ಎರಡನೇ ವಾರ ಒಂದು ರಾತ್ರಿ ಹೇಳಿದ್ರು, “ನನಗೆ ಪ್ರಾರ್ಥನೆ ಮಾಡ್ಲಿಕ್ಕೆ ಆಗ್ತಾ ಇಲ್ಲ. ಇಷ್ಟರ ಮೇಲೆ ಈ ಬಿಳಿ ಅಂಗಿ ಹಾಕಿ ನಿಲ್ಲುದು ಸುಳ್ಳಾಗ್ತದೆ. ಬಿಟ್ಟುಬಿಡುವ.”

ಸಭೆಯ ಹಿರಿಯರೊಬ್ಬರು ಆ ಸಮಯದಲ್ಲಿ ಮನೆಗೆ ಬಂದು ಚಾ ಕುಡಿದು ಹೇಳಿದ ಮಾತು ಒಂದುಂಟು. “ಅಯ್ಯನವರೇ, ವಿಶ್ವಾಸ ಗಟ್ಟಿ ಇದ್ರೆ ಇದೆಲ್ಲ ತಾಗುದಿಲ್ಲ. ಪ್ರಾರ್ಥನೆ ಸ್ವಲ್ಪ ಜಾಸ್ತಿ ಮಾಡಿ.” ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಪಾಪ. ಆದ್ರೆ ಕಾಲು ಮುರಿದವನಿಗೆ ಸ್ವಲ್ಪ ಓಡು ಅಂದ ಹಾಗಾಯ್ತು.

ಆಗ ನಮ್ಮ ಅತ್ತೆ ಇದ್ರು. ಓದಿದ್ದು ಐದನೇ ಕ್ಲಾಸು. ಅವರು ಯಾವ ಉಪದೇಶಕ್ಕೂ ಹೋಗ್ಲಿಲ್ಲ. ಮಗ ಗೇಟು ತೆಗೆಯುವ ಶಬ್ದ ಕೇಳಿದ್ರೆ ಬಾವಿಕಟ್ಟೆಯ ಹತ್ರ ಒಂದು ಬಾಲ್ದಿ ಬಿಸಿನೀರು, ಬೈರಾಸು, ತೊಳೆದ ಲುಂಗಿ ಇಟ್ಟಾಗಿರ್ತಿತ್ತು. ಹೊರಗಿನ ಬಟ್ಟೆ ಹೊರಗೇ ನೆನೆಹಾಕಬೇಕು. ಸ್ನಾನ ಆದ ಮೇಲೆ ಕುಚ್ಚಲಕ್ಕಿ ಗಂಜಿ, ತುಪ್ಪ ಒಂದು ಚಮಚ, ಮಾವಿನ ಮಿಡಿ. ಮೀನು ಆ ತಿಂಗಳು ಮನೆಗೇ ತರ್ಲಿಲ್ಲ. ಉಣ್ಣುವಾಗ ಅತ್ತೆ ಎದುರು ಕೂತ್ಕೊಳ್ತಿದ್ರು, ಬೀಸಣಿಗೆ ಹಿಡ್ಕೊಂಡು. “ಎಂತಾಯ್ತು, ಯಾರು ಸಿಕ್ಕಿದ್ರು, ಎಷ್ಟು ಹೆಣ” ಅಂತ ಒಂದು ದಿನವೂ ಕೇಳ್ಲಿಲ್ಲ. ನಾನು ಎಂತದೋ ಕೇಳ್ಲಿಕ್ಕೆ ಬಾಯಿ ತೆರೆದ್ರೆ ಕಣ್ಣಲ್ಲೇ ತಡೀತಿದ್ರು. ಊಟ ಆದ ಮೇಲೆ, “ಹೋಗು, ಸ್ವಲ್ಪ ಅಡ್ಡ ಬೀಳು” ಅಂತ ಅಷ್ಟೇ.

ಒಂದು ದಿನ ನಾನೇ ಕೇಳಿದೆ, ಅತ್ತೆ, ನೀವು ಮಗನಿಗೆ ಎರಡು ಮಾತು ಸಮಾಧಾನ ಹೇಳುದಿಲ್ಲ ಯಾಕೆ ಅಂತ. ಅವರು ಎಲೀಯನ ಕಥೆ ತೆಗೆದ್ರು. ಕರ್ಮೆಲ್ ಬೆಟ್ಟದಲ್ಲಿ ಅಷ್ಟು ದೊಡ್ಡ ಕೆಲಸ ಮಾಡಿದ ಪ್ರವಾದಿ, ಮರುದಿನ ರಾಣಿಯ ಬೆದರಿಕೆಗೆ ಹೆದರಿ ಓಡಿದ, ಅಡವಿಯಲ್ಲಿ ಒಂದು ಗಿಡದ ಬುಡದಲ್ಲಿ ಬಿದ್ದುಕೊಂಡು ನನಗೆ ಸಾವು ಕೊಡು ಅಂತ ದೇವರ ಹತ್ರ ಕೇಳಿದ. ದೇವರು ಅವನಿಗೆ ಬೈದನಾ? ವಿಶ್ವಾಸ ಕಡಿಮೆ ಆಯ್ತು ಅಂದನಾ? ದೂತನನ್ನು ಕಳಿಸಿದ. ದೂತ ತಂದದ್ದು ಕೆಂಡದಲ್ಲಿ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ಮಲಗ್ಲಿಕ್ಕೆ ಬಿಟ್ಟರು. ಎರಡನೇ ಸಲ ಎಬ್ಬಿಸಿ ಮತ್ತೆ ತಿನ್ನಿಸಿದ್ರು. ಮಾತು ಕತೆ ಎಲ್ಲ ಆದದ್ದು ಮತ್ತೆ, ಹೋರೇಬ್ ಬೆಟ್ಟದಲ್ಲಿ, 40 ದಿನ ಕಳೆದ ಮೇಲೆ. “ನನಗೆ 40 ದಿನ ಆಗ್ಲಿಲ್ಲ ಇನ್ನೂ” ಅಂದ್ರು ಅತ್ತೆ, ಅಕ್ಕಿ ಆರಿಸ್ತಾ.

ಆ ಕಥೆ ನಾನು ಸಂಡೇ ಸ್ಕೂಲಿನಲ್ಲಿ ಎಷ್ಟೋ ಸಲ ಮಕ್ಕಳಿಗೆ ಹೇಳಿದ್ದೆ. ರೊಟ್ಟಿಯ ಭಾಗ ಒಂದು ವಾಕ್ಯದಲ್ಲಿ ಮುಗೀತಿತ್ತು, ಬೆಂಕಿ ಗಾಳಿಯ ಭಾಗ ಉದ್ದ ಇರ್ತಿತ್ತು. ಈಗ ರೊಟ್ಟಿಯ ಭಾಗವನ್ನೇ ಉದ್ದ ಹೇಳ್ತೇನೆ.

ಇವರು ಕೆಲಸ ಬಿಡ್ಲಿಲ್ಲ. ಆದ್ರೆ ಪುನಃ ಹಾಡು ಕೇಳ್ಲಿಕ್ಕೆ ಆಗಸ್ಟ್ ಆಯ್ತು.

ನನ್ನ ತಂಗಿಯ ಮಗಳು ಸಮಾಜಸೇವೆಯ ಕೋರ್ಸು ಓದಿದವಳು. ಅವಳು ಮತ್ತೆ ಹೇಳಿದ್ಲು, ದೊಡ್ಡಮ್ಮ, ಇದಕ್ಕೆ ಒಂದು ಹೆಸರೇ ಉಂಟು ಅಂತ. ಬೇರೆಯವರ ನೋವನ್ನು ಹೊತ್ತು ಹೊತ್ತು ಹೊತ್ತವರಿಗೇ ಬರುವ ಬಳಲಿಕೆ. ನಾವು ಕರುಣೆಯ ಬಳಲಿಕೆ ಅಂತ ಹೇಳ್ಬಹುದು. ಅಮೆರಿಕದ ಚಾರ್ಲ್ಸ್ ಫಿಗ್ಲಿ ಅನ್ನುವವರು 1995ರಲ್ಲಿ ಇದರ ಬಗ್ಗೆಯೇ ಪುಸ್ತಕ ತಂದಿದ್ದಾರಂತೆ. ಇದು ಬರುದು ಕಲ್ಲು ಮನಸ್ಸಿನವರಿಗೆ ಅಲ್ಲ. ನರ್ಸುಗಳು, ಬೆಂಕಿ ನಂದಿಸುವವರು, ಪಾದ್ರಿಗಳು, ಸಿಸ್ಟರುಗಳು, ಹೀಗೆ ಹತ್ರ ಹೋಗಿ ಕೂತ್ಕೊಳ್ಳುವವರಿಗೆ. ನಿದ್ರೆ ಹೋಗುದು, ವಾಸನೆ ಕಾಡುದು, ಸಣ್ಣ ಶಬ್ದಕ್ಕೆ ಬೆಚ್ಚುದು, ಮನೆಯವರ ಮೇಲೆ ಸಿಟ್ಟು, ಎಂತದೂ ಬೇಡ ಅನ್ನಿಸುದು, ಪ್ರಾರ್ಥನೆ ಒಣಗಿಹೋಗುದು. ಒಂದೊಂದನ್ನೇ ಅವಳು ಹೇಳುವಾಗ ನನಗೆ ನಮ್ಮ ಮನೆಯ ಆ ಜೂನ್ ತಿಂಗಳನ್ನು ಯಾರೋ ನೋಡಿ ಬರೆದಿಟ್ಟ ಹಾಗೆ ಕಂಡಿತು. ಹೆಸರು ಉಂಟು ಅಂತ ಗೊತ್ತಾದ್ರೆ ಅರ್ಧ ಹೆದರಿಕೆ ಹೋಗ್ತದೆ ಮಾರಾಯ್ತಿ.

ಅವಳೇ ಇನ್ನೊಂದು ಕೈಪಿಡಿಯನ್ನೂ ಓದಿ ಹೇಳಿದ್ಲು. ವಿಶ್ವ ಆರೋಗ್ಯ ಸಂಸ್ಥೆ, ವಾರ್ ಟ್ರಾಮಾ ಫೌಂಡೇಶನ್, ಮತ್ತೆ ಕ್ರೈಸ್ತ ಪರಿಹಾರ ಸಂಸ್ಥೆಯಾದ ವರ್ಲ್ಡ್ ವಿಷನ್ ಸೇರಿ 2011ರಲ್ಲಿ ತಂದದ್ದು. ಮನಸ್ಸಿಗೆ ಪ್ರಥಮ ಚಿಕಿತ್ಸೆ ಹೇಗೆ ಮಾಡುದು ಅಂತ ಅದರಲ್ಲಿರುದು. ನೋಡು, ಕೇಳು, ಜೋಡಿಸು: ಮೂರೇ ಮಾತು. ಯಾರಿಗೆ ಎಂತ ಬೇಕು ಅಂತ ನೋಡು, ಅವರು ಹೇಳಿದ್ರೆ ಕೇಳು, ಸಹಾಯ ಸಿಗುವಲ್ಲಿಗೆ ಜೋಡಿಸು. ನಡೆದದ್ದನ್ನೆಲ್ಲ ಹೇಳು ಹೇಳು ಅಂತ ಕೆದಕ್ಬಾರ್ದು. ಸಹಾಯಕ್ಕೆ ಹೋದವರು ತಮ್ಮನ್ನು ನೋಡಿಕೊಳ್ಳುದಕ್ಕೂ ಅದರಲ್ಲಿ ಜಾಗ ಉಂಟು: ಹೊತ್ತಿಗೆ ಉಣ್ಣಿ, ಮಲಗಿ, ಕೆಲಸದ ಗಂಟೆಗೆ ಮಿತಿ ಇಡಿ, ಜೊತೆಯವರನ್ನು ವಿಚಾರಿಸ್ತಾ ಇರಿ, ಕಾಫಿ ಮತ್ತೆ ಕುಡಿತ ಕಡಿಮೆ ಮಾಡಿ, ಮುಗಿದ ಮೇಲೆ ವಿಶ್ರಾಂತಿ ತಗೊಳ್ಳಿ. ಇದನ್ನು ಕೇಳಿ ನಾನು ನಕ್ಕೆ. ಕೆದಕ್ಬಾರ್ದು, ಉಣ್ಣಿಸ್ಬೇಕು, ಮಲಗಿಸ್ಬೇಕು. ನಮ್ಮ ಅತ್ತೆ ಬೀಸಣಿಗೆ ಹಿಡಿದು ಅದನ್ನೇ ಮಾಡಿದ್ದಲ್ವಾ?

ಇದೆಲ್ಲ ಕೆಲಸಕ್ಕೆ ಬಂದದ್ದು 2018ರ ಆಗಸ್ಟಿನಲ್ಲಿ. ಕೊಡಗಿನಲ್ಲಿ ಗುಡ್ಡ ಜರಿದು ಜೋಡುಪಾಲ, ಮದೆನಾಡು ಕಡೆಯವರು ಉಟ್ಟ ಬಟ್ಟೆಯಲ್ಲಿ ಕೆಳಗೆ ಇಳಿದು ಬಂದ್ರು. ಸಂಪಾಜೆ, ಕಲ್ಲುಗುಂಡಿ, ಅರಂತೋಡು ಕಡೆ ಪರಿಹಾರ ಕೇಂದ್ರಗಳು ಆದವು. ನಮ್ಮ ಹೆಂಗಸರ ಕೂಟದಿಂದ ಹೊದಿಕೆ, ಒಳಬಟ್ಟೆ, ಪ್ಯಾಡು, ಮಕ್ಕಳಿಗೆ ಬಿಸ್ಕೆಟು ಕಟ್ಟಿಕೊಂಡು ನಾವೂ ಹೋದೆವು. ಹೋಗುವ ಮೊದಲು ಕೂತು ಕೆಲವು ಕಟ್ಟುಪಾಡು ಮಾಡಿದೆವು. ಒಬ್ಬರೇ ಯಾರೂ ಹೋಗ್ಲಿಕ್ಕಿಲ್ಲ, ಇಬ್ಬಿಬ್ಬರೇ. ಮೂರು ದಿನ ಹೋದವರು ನಾಲ್ಕನೇ ದಿನ ಮನೆಯಲ್ಲಿ ನಿಲ್ಬೇಕು, ಎಷ್ಟೇ ಉಮೇದು ಇದ್ರೂ. ಸಾಯಂಕಾಲ ವ್ಯಾನಿನಲ್ಲಿ ವಾಪಸ್ ಬರುವಾಗ ಸುಳ್ಯದಲ್ಲಿ ಇಳಿದು ಎಲ್ಲರೂ ಚಾ ಕುಡೀಬೇಕು. ಆ ಚಾಕ್ಕೆ ಹದಿನೈದು ನಿಮಿಷ. ಹೇಳ್ಬೇಕಾದವರು ಹೇಳುದು, ಬೇಡದವರು ಬನ್ಸ್ ತಿನ್ನುದು. ಒಬ್ಬರು ಅತ್ರೆ ಬೇರೆಯವರು ಗಾಬರಿಯಾಗಿ ವಚನ ಹೇಳ್ಲಿಕ್ಕಿಲ್ಲ.

ಈ ಕೊನೆಯದ್ದು ಕಷ್ಟ ಆಯ್ತು ನಮಗೆ. ವಚನ ಹೇಳಿ ಅಭ್ಯಾಸ ಅಲ್ವಾ.

ಕೇಂದ್ರದಲ್ಲಿ ನನಗೆ ಸಿಕ್ಕಿದವರು ಒಬ್ಬರು ಅಜ್ಜಿ. ಮನೆ ಹೋದದ್ದನ್ನು ಹೇಳ್ಲೇ ಇಲ್ಲ ಅವರು. “ದನದ ಹಗ್ಗ ಬಿಚ್ಚಿದ್ನಾ ಇಲ್ವಾ?” ಅಂತ ಮಾತ್ರ ಕೇಳ್ತಾ ಇದ್ರು. ಮಗನ ಹತ್ರ ಕೇಳುದು, ನನ್ನ ಹತ್ರ ಕೇಳುದು, ಊಟ ಬಡಿಸುವ ಹುಡುಗನ ಹತ್ರ ಕೇಳುದು. ಬಿಚ್ಚಿದ್ದೀರಿ ಅಜ್ಜಿ ಅಂತ ಹೇಳ್ಲಿಕ್ಕೆ ನನಗೆ ಗೊತ್ತಿಲ್ವಲ್ಲ. ಗೊತ್ತಿಲ್ಲದ್ದನ್ನು ಹೇಳಿ ಸಮಾಧಾನ ಮಾಡುದು ಬೇಡ ಅಂತ ಅವರ ಕೈಯನ್ನು ನನ್ನ ಮಡಿಲಲ್ಲಿ ಇಟ್ಟುಕೊಂಡು ಕೂತೆ. ದನದ ಬಣ್ಣ ಯಾವುದು, ಹೆಸರು ಎಂತ ಅಂತ ಕೇಳಿದೆ. ಹೆಸರು ಹೇಳಿದ್ರು. ಮತ್ತೆ ಸ್ವಲ್ಪ ಗಂಜಿ ಕುಡಿದ್ರು.

ಆ ರಾತ್ರಿ ನನಗೆ ಎಚ್ಚರ ಆದದ್ದು ಮೂರು ಗಂಟೆಗೆ. ಹೊರಗೆ ಜೋರು ಮಳೆ. ಎದ್ದು ಹಿತ್ತಿಲ ಬಾಗಿಲು ತೆಗೆದು ನಿಂತಿದ್ದೇನೆ. ನಮ್ಮಲ್ಲಿ ದನ ಇಲ್ಲದೆ ಹನ್ನೆರಡು ವರ್ಷ ಆಯ್ತು. ಅಷ್ಟರಲ್ಲಿ ಇವರು ಎದ್ದು ಬಂದ್ರು. ಎಂತ ಅಂತ ಕೇಳ್ಲಿಲ್ಲ. ಒಲೆ ಹೊತ್ತಿಸಿ ನೀರು ಬಿಸಿ ಮಾಡಿ ಶುಂಠಿ ಕಷಾಯ ಕೊಟ್ಟರು, ಪಕ್ಕದಲ್ಲಿ ಕೂತ್ರು. ಗಂಡಸರು ಕಲಿಯುದಿಲ್ಲ ಅಂತ ಹೇಳ್ಬೇಡಿ, ಕಲೀತಾರೆ. ಮರುದಿನ ನನ್ನದು ನಾಲ್ಕನೇ ದಿನ, ನಿಲ್ಬೇಕಾದ ದಿನ. ನಿಂತೆ. ಹಪ್ಪಳದ ಹಿಟ್ಟು ಕುಟ್ಟಿದೆ. ಕೈಗೆ ಕೆಲಸ ಬೇಕು ಆಗ, ತಲೆಗೆ ಬೇಡ.

ಇನ್ನು ಒಂದು ವಿಷಯ ಸಭಾಪಾಲಕರ ಮನೆಗಳಲ್ಲಿ ಮಾತ್ರ ಇರುದು, ಅದನ್ನೂ ಹೇಳ್ತೇನೆ. ಸಂಕಟದಲ್ಲಿ ಇದ್ದವರು ಇವರ ಹತ್ರ ಹೇಳಿದ್ದೆಲ್ಲ ಗುಟ್ಟು. ಬಾವಿಗೆ ಹಾರಿದ ಹುಡುಗಿ ಯಾಕೆ ಹಾರಿದ್ದು ಅಂತ ಇವರಿಗೆ ಗೊತ್ತಿರ್ತದೆ, ನನಗೆ ಹೇಳುವ ಹಾಗಿಲ್ಲ. ಹೇಳಿದ್ರೆ ನಾಳೆ ಆ ಹುಡುಗಿಯ ತಾಯಿಯ ಮುಖ ನಾನು ಹೇಗೆ ನೋಡುದು? ಆದ್ರೆ ಗುಟ್ಟು ಹೊಟ್ಟೆಯಲ್ಲಿ ಇಟ್ಟುಕೊಂಡೇ ಇರ್ಲಿಕ್ಕೆ ಮನುಷ್ಯ ಕಪಾಟು ಅಲ್ಲ. ಹಾಗಾಗಿ ಇವರು ಒಬ್ಬ ನಿವೃತ್ತ ಪಾದ್ರಿಗಳನ್ನು ಹಿಡಿದಿದ್ದಾರೆ. ನಮ್ಮ ಸಭೆಯವರಲ್ಲ, ನಮ್ಮವರ ಹೆಸರು ಊರು ಅವರಿಗೆ ತಿಳಿಯುದಿಲ್ಲ. ತಿಂಗಳಿಗೆ ಒಂದು ಸೋಮವಾರ ಇಬ್ಬರೂ ಪಣಂಬೂರು ಕಡಲ ಬದಿಯಲ್ಲಿ ನಡೀತಾರೆ. ಹೆಸರು ಹೇಳದೆ ಭಾರ ಮಾತ್ರ ಹೇಳುದು. ವಾಪಸ್ ಬರುವಾಗ ಚರುಮುರಿ ಕಟ್ಟಿಸಿಕೊಂಡು ಬರ್ತಾರೆ. ಎಂತ ಮಾತಾಡಿದ್ರಿ ಅಂತ ನಾನು ಕೇಳುದಿಲ್ಲ. ಚರುಮುರಿ ಇದ್ರೆ ದಿನ ಒಳ್ಳೇದಾಗಿದೆ ಅಂತ ನನಗೆ ತಿಳೀತದೆ. ನನಗೂ ಅಂಥವರು ಒಬ್ಬರು ಇದ್ದಾರೆ, ನನ್ನ ಸಣ್ಣ ಪ್ರಾಯದ ಸ್ನೇಹಿತೆ, ಶಿವಮೊಗ್ಗದಲ್ಲಿ.

2021ರ ಎಪ್ರಿಲ್, ಮೇ ತಿಂಗಳು ನಿಮಗೆ ನೆನಪಿಸ್ಬೇಕಾದ್ದಿಲ್ಲ. ಕೊರೊನಾದ ಎರಡನೇ ಅಲೆ. ಕೂತ್ಕೊಂಡು ಬೆನ್ನು ಸವರುವ ಹಾಗೇ ಇರ್ಲಿಲ್ಲ. ಪ್ಲಾಸ್ಟಿಕ್ ಉಡುಪು ಹಾಕಿ, ಮನೆಯವರಿಲ್ಲದೆ ಮಣ್ಣು ಮಾಡುದು. ಪಕ್ಕದ ಸಭೆಯ ಒಬ್ಬ ಹರೆಯದ ಪಾಲಕರು ಒಂದು ದಿನವೂ ಬಿಡುವು ಇಲ್ಲದೆ ಓಡ್ತಾ ಇದ್ರು, ಹೆಂಡತಿ ಆರು ತಿಂಗಳ ಬಸುರಿ. ದೇವರ ಕೆಲಸಕ್ಕೆ ರಜೆ ಎಂತದ್ದು ಅಂತ ಅವರ ವಾದ. ಇವರು ಫೋನು ಮಾಡಿ ಮೋಶೆಯ ಮಾವನ ಕಥೆ ಹೇಳಿದ್ರು. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಜನರ ನ್ಯಾಯ ತೀರಿಸ್ತಾ ಕೂತ ಅಳಿಯನನ್ನು ನೋಡಿ ಮಾವ ಅಂದದ್ದು ಎಂತ? ನೀನು ಮಾಡುದು ಸರಿಯಲ್ಲ, ನೀನೂ ಬಳಲಿ ಹೋಗ್ತೀ, ನಿನ್ನ ಜನರೂ ಬಳಲಿ ಹೋಗ್ತಾರೆ, ಕೆಲಸ ಹಂಚು ಅಂತ. ಮೋಶೆ ಮಾವನ ಮಾತು ಕೇಳಿದ. ಅಳಿಯಂದಿರು ಮಾವನ ಮಾತು ಕೇಳಿದ್ದು ಅಪರೂಪ, ಅದಕ್ಕೇ ಬೈಬಲಿನಲ್ಲಿ ಬರೆದಿಟ್ಟಿದ್ದಾರೆ ಅಂತ ಇವರ ತಮಾಷೆ. ಆ ಹುಡುಗ ಫೋನಿನಲ್ಲಿ ನಕ್ಕರಂತೆ, ಮತ್ತೆ ತುಂಬಾ ಹೊತ್ತು ಅತ್ರಂತೆ. ಮರುವಾರದಿಂದ ಮೂರು ಸಭೆಯ ಪಾಲಕರು ಸರದಿ ಹಾಕಿಕೊಂಡ್ರು. ನಾವು ಹೆಂಗಸರೂ ಸರದಿ ಹಾಕಿಕೊಂಡೆವು, ಆ ಮನೆಯ ಗೇಟಿಗೆ ಊಟದ ಕ್ಯಾರಿಯರ್ ತೂಗು ಹಾಕ್ಲಿಕ್ಕೆ. ಮಗು ಜುಲೈಯಲ್ಲಿ ಹುಟ್ಟಿತು. ತಂದೆ ಹತ್ರ ಇದ್ರು.

ನನ್ನ ಅನುಭವದಲ್ಲಿ ಮನೆಯವರು ಮಾಡ್ಬಹುದಾದ್ದು ಇಷ್ಟು. ಬಂದ ಕೂಡಲೇ ಪ್ರಶ್ನೆ ಬೇಡ. ನೀರು, ಬಟ್ಟೆ, ಊಟ ಮೊದಲು. ಮಕ್ಕಳಿಗೆ ಒಂದು ಮಾತು ಮೊದಲೇ ಹೇಳಿ, ಅಪ್ಪ ಇವತ್ತು ಬೇಜಾರಿನಲ್ಲಿ ಬರ್ತಾರೆ, ನಿಮ್ಮ ಮೇಲೆ ಸಿಟ್ಟು ಅಲ್ಲ ಅಂತ. ಟಿವಿಯಲ್ಲಿ ಅದೇ ಸುದ್ದಿ ತಿರುಗಿಸಿ ತಿರುಗಿಸಿ ಹಾಕ್ಬೇಡಿ. ಆ ವಾರ ಅವರಿಗೆ ಬರುವ ಸಣ್ಣ ಫೋನುಗಳನ್ನು ನೀವು ಎತ್ತಿ. ನಿದ್ರೆಗೆ ಅಂತ ಕುಡಿತ ಶುರುವಾಗ್ತದಾ ಅಂತ ಕಣ್ಣಿಡಿ. ಮಾತು ತಾನಾಗಿ ಬಂದಾಗ ಪಾತ್ರೆ ತೊಳೆಯುದು ನಿಲ್ಲಿಸಿ ಕೇಳಿ. ಒಂದು ತಿಂಗಳು ಕಳೆದ್ರೂ ನಿದ್ರೆ ಬಾರದೆ, ಆ ಚಿತ್ರಗಳೇ ಕಣ್ಣಮುಂದೆ ಬರ್ತಾ ಇದ್ರೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಬದುಕೇ ಬೇಡ ಅನ್ನುವ ಮಾತು ಬಂದ್ರೆ ತಿಂಗಳು ಕಾಯ್ಲಿಕ್ಕಿಲ್ಲ, ಅದೇ ದಿನ. ಸರಕಾರದ ಟೆಲಿ ಮಾನಸ್ ಅಂತ ಉಂಟು, 14416ಕ್ಕೆ ಫೋನು ಮಾಡಿದ್ರೆ ಕನ್ನಡದಲ್ಲೇ ಮಾತಾಡ್ಬಹುದು, ದುಡ್ಡಿಲ್ಲ, ರಾತ್ರಿಯೂ ಇರ್ತದೆ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವ ಪಾದ್ರಿಗೆ ವಿಶ್ವಾಸ ಕಡಿಮೆ ಅಂತ ನಾವು ಹೇಳುದಿಲ್ಲ. ನಿದ್ರೆಯ ಡಾಕ್ಟರ ಹತ್ರ ಹೋದವರಿಗೂ ಹೇಳ್ಬೇಡಿ.

ನೀವು ಕ್ರೈಸ್ತರಲ್ಲದಿದ್ರೂ ನಿಮ್ಮ ಕೇರಿಯಲ್ಲಿ ಇಂಥವರು ಇದ್ದಾರೆ. ಆಂಬುಲೆನ್ಸ್ ಓಡಿಸುವ ಹುಡುಗ, ಹೆರಿಗೆಗೂ ಸಾವಿಗೂ ಓಡುವ ಆಶಾ ಅಕ್ಕ, ಕಾನ್ವೆಂಟಿನ ಸಿಸ್ಟರು. ಸಿಸ್ಟರುಗಳಿಗೆ ಮನೆಯಲ್ಲಿ ಅತ್ತೆಯೂ ಇಲ್ಲ, ಬೀಸಣಿಗೆಯೂ ಇಲ್ಲ. ಮುಂದಿನ ಸಲ ಊರಿನಲ್ಲಿ ಎಂತಾದ್ರೂ ಆದಾಗ ಸಾವಿನ ಮನೆಗೆ ಗಂಜಿ ಕೊಂಡೋಗುವಾಗ ಒಂದು ಸಣ್ಣ ಪಾತ್ರೆ ಬೇರೆ ತೆಗೆದಿಡಿ. ಅಲ್ಲಿ ರಾತ್ರಿಯಿಡೀ ಕೂತವರು ಯಾರು ಅಂತ ವಿಚಾರಿಸಿ ಅವರ ಮನೆಗೂ ಕೊಟ್ಟು ಬನ್ನಿ. ಮಾತಾಡ್ಬೇಕು ಅಂತ ಇಲ್ಲ. ಚಟ್ನಿಗೆ ಮೆಣಸು ಸ್ವಲ್ಪ ಕಡಿಮೆ ಹಾಕಿ, ಉಪವಾಸದ ಹೊಟ್ಟೆ ಇರ್ತದೆ. ಪಾತ್ರೆ ಬೇಗ ವಾಪಸ್ ಬರ್ಲಿಲ್ಲ ಅಂತ ಬೇಜಾರು ಮಾಡ್ಬೇಡಿ, ನಮ್ಮ ಮನೆಯಲ್ಲಿ ನಿಮ್ಮೆಲ್ಲರ ಎಷ್ಟು ಡಬ್ಬಿ ಉಂಟು ಅಂತ ನನಗೇ ಲೆಕ್ಕ ಇಲ್ಲ.